ಬಾಸ್ ಗಿಟಾರು ಮತ್ತು ಎರಡು ಕಿವಿ

ಆ ಬಾಸ್ ಗಿಟಾರು ನನ್ನ ಅಂಗಡಿಗೆ ಬಂದಾಗ ನಾನು ಸುಟ್ಟುಹೋದ ಎರಡು ಪಂಪಿನ ಮೋಟರುಗಳ ನಡುವೆ ಕೂತಿದ್ದೆ. ಬನಹಟ್ಟಿಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ಹೊಲದ ಪಂಪುಗಳು, ವರ್ಷವಿಡೀ ಪವರ್‌ಲೂಮ್ ಮಗ್ಗದ ಮೋಟರುಗಳು. ಸುಟ್ಟ ತಂತಿ ಕಿತ್ತು ಹೊಸ ತಂತಿ ಸುತ್ತಿಕೊಡುವುದು ನನ್ನ ಕಸುಬು. ಮದುವೆ ಮೆರವಣಿಗೆಯವರ ಆಂಪ್ಲಿಫೈಯರನ್ನೂ ನೋಡಿಕೊಡುತ್ತೇನಾದ್ದರಿಂದ ಓಣಿಯ ಜನ ನನ್ನನ್ನು ಎಲ್ಲ ಬಲ್ಲವನೆಂದು ತಿಳಿದಿದ್ದಾರೆ. ಅಲ್ಲವೆಂದು ನಾನೂ ಎಂದೂ ಹೇಳಿಲ್ಲ.

ಹಳೆಯ ಕೌದಿಯಲ್ಲಿ ಸುತ್ತಿ ಅದನ್ನು ತಂದವಳು ಮುಧೋಳದಲ್ಲಿ ಶಿಕ್ಷಕಿಯಾಗಿರುವ ಹೆಣ್ಣುಮಗಳು. ಅವಳ ತಂದೆ ರಬಕವಿಯವರು. ಹಗಲು ಮಗ್ಗ ರಿಪೇರಿ ಮಾಡುವ ಜಾಬರ್, ಸಂಜೆ ಆರ್ಕೆಸ್ಟ್ರಾದಲ್ಲಿ ಬಾಸ್ ಬಾರಿಸುವವರು. ಹಾಗಾಗಿ ಊರಿಗೆಲ್ಲ ಬಾಸ್ ಮಾಸ್ತರರು. ಜಮಖಂಡಿ, ಮುಧೋಳ, ಬೀಳಗಿಯ ಗಣಪತಿ ಪೆಂಡಾಲುಗಳಲ್ಲಿ ಅವರ ಆರ್ಕೆಸ್ಟ್ರಾ ನುಡಿಸುತ್ತಿದ್ದಾಗ ನಾನು ವೇದಿಕೆಯ ಹಿಂದೆ ವೈರು ಹಿಡಿದು ನಿಂತಿರುತ್ತಿದ್ದೆ. ಗಿಟಾರು ಜಪಾನಿನದು, ನನ್ನಷ್ಟೇ ವಯಸ್ಸಿನದು. ಆರ್ಕೆಸ್ಟ್ರಾದ ಮಾಲಕರು ಮುಂಬಯಿಯಲ್ಲಿ ಹಳೆಯದನ್ನೇ ಕೊಂಡು ತಂದಿದ್ದರು. ಆರ್ಕೆಸ್ಟ್ರಾ ಮುಚ್ಚಿದ ದಿನ ವಾದ್ಯಗಳನ್ನು ಹಂಚಿಕೊಂಡಾಗ ಬಾಸ್ ಮಾಸ್ತರರ ಪಾಲಿಗೆ ಬಂತು.

ಮಗ್ಗದ ಮನೆಯಲ್ಲಿ ನಲವತ್ತು ವರ್ಷ ನಿಂತವರ ಕಿವಿ ಎಷ್ಟು ಉಳಿದೀತು? ಮೊದಲು ಹಕ್ಕಿಯ ದನಿ ಹೋಯಿತು, ಆಮೇಲೆ ಹೆಂಗಸರ ದನಿ, ಆಮೇಲೆ ಎಲ್ಲರ ಮಾತು. ಉಳಿದದ್ದು ದಪ್ಪ ಸದ್ದುಗಳು ಮಾತ್ರ. ಬಾಸ್ ಗಿಟಾರಿನ ಸದ್ದು ದಪ್ಪವಾದ್ದರಿಂದ ಅವರು ದಿನಾ ಸಂಜೆ ಅದನ್ನು ನುಡಿಸುತ್ತಿದ್ದರು. ಕಳೆದ ದಸರಾದಿಂದ ಅದೂ ಮೂಕವಾಗಿತ್ತು.

"ಹೋದ ತಿಂಗಳ ಕಬ್ಬಿನ ಟ್ರ್ಯಾಕ್ಟರ್ ಹಿಂದ ಬಂದು ಹಾರ್ನ್ ಹೊಡದೈತ್ರಿ ಕಾಕಾ. ಅಪ್ಪಗ ಕೇಳಿಲ್ಲ," ಅಂದಳು. "ಟ್ರೇಲರ್ ಬಡದು ಗಟಾರದಾಗ ಬಿದ್ರು. ಭುಜ ಕಿತ್ತು ಬಂತು. ಇನ್ನೊಂದು ಗೇಣು ಈ ಕಡೆ ಇದ್ದಿದ್ರ…"

ಮಿರಜದ ಡಾಕ್ಟರು ಎರಡೂ ಕಿವಿಗೆ ಒಳ್ಳೆಯ ಮಶಿನ್ ಹಾಕಿಸಿರಿ ಎಂದಿದ್ದರು. ಅಗ್ಗದ್ದೊಂದನ್ನು ಹಿಂದೆಯೇ ಹಾಕಿ ನೋಡಿ ಟ್ರಂಕಿಗೆ ಎಸೆದಾಗಿತ್ತು. ಮಗಳು ತನ್ನ ಸಂಬಳದಲ್ಲಿ ಕೊಡಿಸುತ್ತೇನೆಂದರೆ ಮಾಸ್ತರರು ಕೈ ಅಡ್ಡ ಹಿಡಿದಿದ್ದರು. ಕೊಟ್ಟ ಮಗಳ ದುಡಿಮೆ ಮೈಮೇಲೆ ಹಾಕಿಕೊಳ್ಳುವುದಿಲ್ಲ ಎಂಬ ಹಟ. ನಮ್ಮ ಕಡೆಯ ತಂದೆಯರಿಗೆ ಇದೊಂದು ರೋಗ. ಉಳಿದದ್ದು ಗಿಟಾರು. ಕೊಲ್ಹಾಪುರದಲ್ಲಿ ಹಳೆಯ ವಾದ್ಯ ಕೊಳ್ಳುವವನೊಬ್ಬ ಫೋಟೊ ನೋಡಿ ಬೆಲೆ ಹೇಳಿದ್ದ. ಇಡಿಯಾಗಿ ಮಾರಿದರೆ ಒಂದು ಕಿವಿಗೆ ಸಾಕು. ಬಿಚ್ಚಿ ಕತ್ತು, ತಂತಿ ಬಿಗಿಯುವ ಕಿವಿಬಿರಡೆ, ತಂತಿ ಕೂರುವ ಬ್ರಿಜ್ ಎಲ್ಲ ಬೇರೆ ಬೇರೆ ಮಾರಿದರೆ ಎರಡೂ ಕಿವಿಗೆ ಆದೀತು. ಇಟ್ಟುಕೊಂಡರೆ ಗಿಟಾರು ಇದೆ, ಕಿವಿ ಇಲ್ಲ.

"ಅಪ್ಪಗ ಕೇಳಿದ್ರ ನಿನಗ ತಿಳದ್ಹಂಗ ಮಾಡು ಅಂತಾರ. ಆದ್ರ ಇದನ್ನ ನನ್ನ ಕೈಯಾಗ ಕೊಡಮುಂದ ಮಾರಿ ಆ ಕಡೆ ತಿರುಗಿಸಿದ್ರು," ಅಂದಳು. "ದನಿ ಯಾಕ ಬರವಲ್ದು ನೋಡ್ರಿ. ಇಡೀದು ಮಾರೂದೋ, ಬಿಚ್ಚಿ ಮಾರೂದೋ, ನೀವs ಒಂದು ಮಾತು ಹೇಳ್ರಿ."

ಅವಳು ಬಸ್ಸಿಗೆ ಹೋದ ಮೇಲೆ ಗಿಟಾರನ್ನು ಮೇಜಿನ ಮೇಲೆ ಮಲಗಿಸಿದೆ. ತಂತಿಗಳ ಕೆಳಗೆ ಪಿಕಪ್ ಇರುತ್ತದೆ. ಅಯಸ್ಕಾಂತದ ಕಂಬಿಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸುರುಳಿ. ತಂತಿ ಅದುರಿದ್ದನ್ನು ಕರೆಂಟು ಮಾಡಿ ಆಂಪ್ಲಿಫೈಯರಿಗೆ ಕಳಿಸುವುದು ಅದೇ. ಮೀಟರ್ ಹಚ್ಚಿದೆ. ಮುಳ್ಳು ಅಲುಗಲಿಲ್ಲ. ಮುಚ್ಚಳ ತೆಗೆದರೆ ಒಳಗೆಲ್ಲ ಬಿಳಿ ಮತ್ತು ಕೆಂಪು ಹೆಪ್ಪು. ನೋಡಿದ ಕೂಡಲೇ ತಿಳಿಯಿತು. ಪ್ರತಿ ವರ್ಷ ದಸರಾದ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಮಾಸ್ತರರು ಮಗ್ಗದ ಸ್ಪ್ಯಾನರುಗಳ ಸಾಲಿನಲ್ಲಿ ಗಿಟಾರನ್ನೂ ಇಟ್ಟು, ಪಿಕಪ್ಪೇ ಅದರ ಹಣೆ ಎಂದು ಅಲ್ಲಿ ಮೂರು ಬೆರಳು ಹಸಿ ವಿಭೂತಿ ಎಳೆದು, ಕುಂಕುಮ ಹಚ್ಚಿ, ಒಡೆದ ಕಾಯಿಯ ನೀರು ಚಿಮುಕಿಸುತ್ತಿದ್ದರು. ಅಷ್ಟು ವರ್ಷದ ಕಾಯಿನೀರು ಇಳಿದು ಸುರುಳಿಯ ಹೊರಸುತ್ತು ಹಸಿರು ಕಿಲುಬು ಹಿಡಿದಿತ್ತು.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಸುಟ್ಟ ಮೋಟರು ಬಂತೆಂದರೆ ನಮ್ಮ ಕಸುಬಿನಲ್ಲಿ ಮೊದಲ ಕೆಲಸ ಹಳೆಯ ಸುರುಳಿಯನ್ನು ಕತ್ತರಿಸಿ ಕಿತ್ತು ಗುಜರಿ ಚೀಲಕ್ಕೆ ಹಾಕುವುದು. ಮೂವತ್ತು ವರ್ಷ ಅದನ್ನೇ ಮಾಡಿದ ಕೈ, ನನ್ನನ್ನು ಕೇಳಲೇ ಇಲ್ಲ. ಬ್ಲೇಡು ತೆಗೆದುಕೊಂಡು ಸುರುಳಿಯನ್ನು ಸೀಳಿದೆ, ತಂತಿಯ ದಪ್ಪ ಅಳೆದೆ, ತಾಮ್ರ ತೂಗಿ ಬರೆದುಕೊಂಡೆ, ಉಳಿದದ್ದನ್ನು ಚೀಲಕ್ಕೆ ಎಸೆದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಕೆಲಸ ಚುರುಕಾಯಿತೆಂದು ಚಹಾ ಕೂಡ ತರಿಸಿ ಕುಡಿದೆ.

ಮರುದಿನ ಕೊಲ್ಹಾಪುರದವನು ಅವಳಿಂದ ನನ್ನ ನಂಬರ್ ಪಡೆದು ಫೋನ್ ಮಾಡಿದ. ಮರಾಠಿ ಬೆರೆತ ಕನ್ನಡದಲ್ಲಿ ಮೊದಲು ಹೇಳಿದ್ದೇ ಇದು: "ಪಿಕಪ್ ಸತ್ತಿದ್ರೂ ಇರ್ಲಿ. ಹಳೇದು ಹಳೇದs. ಏನೂ ಮುಟ್ಟಬ್ಯಾಡ್ರಿ. ಅದರ ಸಲುವಾಗೇ ಆ ಕಿಮ್ಮತ್ತು."

"ಹೂಂನ್ರೀ" ಎಂದು ಫೋನಿಟ್ಟೆ. ಗುಜರಿ ಚೀಲವನ್ನು ನೆಲಕ್ಕೆ ಸುರುವಿ ಹುಡುಕಿದೆ. ಸಿಕ್ಕಿತು, ಮೋಟರಿನ ದಪ್ಪ ತಂತಿಗಳೊಳಗೆ ಸಿಕ್ಕುಬಿದ್ದ ಒಂದು ಹಿಡಿ ತಾಮ್ರದ ಕೂದಲು. ಬಾಚಿ ಕೂಡಿಸಲು ಬರುವಂಥದ್ದಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ನನ್ನಂಥವರಿಗಾಗಿಯೇ ಹುಟ್ಟಿರಬೇಕು.

ಎರಡು ದಿನ ಯಾರಿಗೂ ಹೇಳಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವಳೇ ಬಂದಳು. ಹೇಳಲೇಬೇಕಾಯಿತು. ಆದರೆ ನೇರವಾಗಿ ಹೇಳುವ ಗಂಡಸುತನ ನನಗಿರಲಿಲ್ಲ; ಮೊದಲು ಕಿಲುಬು ತೋರಿಸಿದೆ, ಖಂಡೆ ಪೂಜೆಯ ಕಥೆ ಹೇಳಿದೆ, ಕೆಡಿಸಿದ್ದು ನಿಮ್ಮಪ್ಪನ ಕಾಯಿನೀರು ಅಂದೆ, ಕೊನೆಗೆ ಬಾಯಲ್ಲೇ ಅರ್ಧ ನುಂಗುತ್ತ ಕತ್ತರಿಸಿದ ಮಾತು ಹೇಳಿದೆ.

ಅವಳು ಖಾಲಿ ಕಂಬಿಗಳನ್ನು ನೋಡುತ್ತ ನಿಂತಳು.

"ಅಪ್ಪ ಪೂಜಿ ಮಾಡಿ ಕೆಡಿಸ್ಯಾರ. ನೀವು ಪೂಜಿ ಸುದ್ದಾ ಮಾಡ್ಲಾರದ ಕೆಡಿಸೀರಲ್ಲ ಕಾಕಾ," ಅಂದಳು.

ಅವಳ ಎದುರಿಗೇ ಕೊಲ್ಹಾಪುರಕ್ಕೆ ಫೋನ್ ಹಚ್ಚಿ ನಿಜ ಹೇಳಿದೆ. ಅವನು ಬೈಯಲಿಲ್ಲ, ನಿಟ್ಟುಸಿರುಬಿಟ್ಟ. ಹೊಸದಾಗಿ ಸುತ್ತಿದ ಪಿಕಪ್ಪಿನ ಗಿಟಾರನ್ನು ಇಡಿಯಾಗಿ ಕೊಂಡರೆ ಒಂದು ಕಿವಿಗೆ ಸಾಲುವಷ್ಟೂ ಕೊಡಲಾರೆ ಅಂದ. ಬಿಡಿಭಾಗಗಳಿಗೆ ಮಾತ್ರ ಮೊದಲು ಹೇಳಿದ ಮಾತಿಗೆ ತಪ್ಪುವುದಿಲ್ಲವಂತೆ. ಅವುಗಳಿಗೆ ಕಾದಿರುವ ಗಿರಾಕಿಗಳಿದ್ದಾರಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಒಂದು ನಡುವಿನ ದಾರಿ ಇತ್ತಲ್ಲ, ಗಿಟಾರು ಇಡಿಯಾಗಿ ಬೇರೆ ಮನೆಯಲ್ಲಾದರೂ ನುಡಿಯುವುದು, ಮಾಸ್ತರರಿಗೆ ಒಂದು ಕಿವಿಯಾದರೂ ಬರುವುದು, ಅದನ್ನು ನನ್ನ ಬ್ಲೇಡು ಮುಚ್ಚಿಹಾಕಿತ್ತು. ಇನ್ನು ಬಿಚ್ಚಬೇಕು, ಇಲ್ಲವೇ ಇಟ್ಟುಕೊಳ್ಳಬೇಕು.

"ಸುತ್ತಿ ಕೊಡ್ತೀನಿ ತಂಗಿ. ಇಟ್ಕೊಳ್ಳೂದಾದ್ರ ನುಡೀಲಿ," ಅಂದೆ. ಅವಳು ಗಿಟಾರನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಬಸ್ಸಿಗೆ ಹೋದಳು.

ಮುಂದಿನ ಮೂರು ವಾರ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ನನ್ನ ಅಂಗಡಿಯ ಅತಿ ತೆಳು ತಂತಿಯೂ ಈ ಕೆಲಸಕ್ಕೆ ಹಗ್ಗ. ಬಾಡಗಂಡಿ ಕಡೆಯ ಗುಜರಿಯಲ್ಲಿ ಸಿಕ್ಕ ಹಳೆಯ ರಿಲೇ ಸ್ವಿಚ್ಚೊಂದರ ಸುರುಳಿಯಿಂದ ತಂತಿ ಬಿಚ್ಚಿಕೊಂಡು ಸುತ್ತಲು ಕೂತೆ. ಫ್ಯಾನಿನ ಸುರುಳಿ ಸುತ್ತುವ ಕೈಮಶಿನ್ನಿಗೆ ಪಿಕಪ್ ಕಟ್ಟಿ ಹಿಡಿಕೆ ತಿರುಗಿಸಿದರೆ ಸಾವಿರದ ನೂರನೇ ಸುತ್ತಿಗೆ ತಂತಿ ಕಡಿಯಿತು. ಹಳೆಯ ತಂತಿ, ಜೀವವಿರಲಿಲ್ಲ. ಹುಬ್ಬಳ್ಳಿಯಿಂದ ಹೊಸ ರೀಲು ತರಿಸಿದೆ. ಅದು ಎರಡು ಸಾವಿರದ ಮುನ್ನೂರಕ್ಕೆ ಹೋಯಿತು. ಮತ್ತೆ ಬಿಚ್ಚಿ ಸುತ್ತಿದರೆ ಒಂಬೈನೂರಕ್ಕೆ. ಬೇಕಾದದ್ದು ಎಂಟು ಸಾವಿರದ ಹತ್ತಿರ. ಹರಿದ ಕಡೆ ಬೆಸುಗೆ ಹಾಕಿ ಮುಂದೆ ಸಾಗೋಣವೆಂದರೆ ಬೆಸುಗೆಯ ಗಂಟೇ ಸುತ್ತುಗಳನ್ನು ಎತ್ತಿಹಿಡಿಯುತ್ತಿತ್ತು. ಮೇಲೆ ಓಣಿಯ ಮಗ್ಗಗಳ ಹೊಡೆತಕ್ಕೆ ಮೇಜು ಸದಾ ಸಣ್ಣಗೆ ನಡುಗುತ್ತಿತ್ತು. ಅಷ್ಟು ವರ್ಷ ಅದೇ ಮೇಜಿಗೆ ಕೂತು ಆ ನಡುಕವನ್ನು ನಾನು ಗಮನಿಸಿರಲಿಲ್ಲ.

ಪಂಪಿನ ಮೋಟರುಗಳು ಬಾಗಿಲ ತನಕ ಸಾಲುಗಟ್ಟಿದವು. ಬೆಳೆ ಒಣಗುತ್ತದೆಂದು ಜನ ಬೈದು ಬೇರೆ ಅಂಗಡಿಗೆ ಹೊತ್ತುಕೊಂಡು ಹೋದರು. ನನಗೆ ಸಿಟ್ಟು ನನ್ನ ಮೇಲಿದ್ದರೂ ಮನೆಯಲ್ಲಿ ತಾಟು ಕುಕ್ಕುತ್ತಿದ್ದೆ. ಒಂದು ಮಧ್ಯಾಹ್ನ ಬುತ್ತಿ ತಂದ ಹೆಂಡತಿ ನಾನು ಐದನೇ ಸಲ ತಂತಿ ಹರಿದುಕೊಂಡದ್ದನ್ನು ನಿಂತು ನೋಡಿದಳು. ಅವಳದು ನೇಕಾರರ ಮನೆ. ಎಂಟನೇ ವಯಸ್ಸಿನಿಂದ ತವರಿನಲ್ಲಿ ಕಂಡಿಕೆ ಸುತ್ತಿದವಳು. ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಉರುಳೆಯೇ ಕಂಡಿಕೆ.

"ನೀವು ಎಳೀತೀರಿ," ಅಂದಳು. "ಎಳೀಬಾರ್ದು. ಅದು ತಾನs ಬರೂತನಕ ಕೈ ಸಡ್ಲ ಬಿಡಬೇಕು."

"ಇದು ನೂಲಲ್ಲ, ತಾಮ್ರ."

"ಹರ್ಯೂದಂದ್ರ ಎಲ್ಲಾನೂ ನೂಲs. ಸರೀರಿ."

ಕುಣಿಯಲಾರದವನು ನೆಲ ಡೊಂಕೆನ್ನುವ ಸಮಯವಲ್ಲವೆಂದು ಸರಿದೆ. ಅವಳು ಹಳೆಯ ಧೋತರದ ಚೂರನ್ನು ಹೆಬ್ಬೆರಳು ತೋರುಬೆರಳ ನಡುವೆ ಮಡಿಸಿ ಅದರೊಳಗೆ ತಂತಿ ಹಾಯಿಸಿದಳು. ನಾನು ಹಿಡಿಕೆ ತಿರುಗಿಸಿ ಎಣಿಸುವವನು. ಕರೆಂಟು ಹೋದಾಗ ಮಾತ್ರ ಮಗ್ಗಗಳು ನಿಂತು ಮೇಜು ನಡುಗುವುದು ನಿಲ್ಲುತ್ತಿತ್ತು, ಆದ್ದರಿಂದ ನಾವು ಕರೆಂಟು ಹೋಗುವುದನ್ನೇ ಕಾಯುತ್ತಿದ್ದೆವು. ಊರೆಲ್ಲ ಶಪಿಸುವ ಹೊತ್ತಿಗೆ ನಾವಿಬ್ಬರು ಓಡಿಬಂದು ಕೂರುತ್ತಿದ್ದೆವು. ಮೂರು ಮಧ್ಯಾಹ್ನ ಹಿಡಿಯಿತು. ಏಳು ಸಾವಿರದ ಆರುನೂರಕ್ಕೆ ಹಳೆಯ ತಾಮ್ರದ ತೂಕ ಬಂತು, ನಿಲ್ಲಿಸಿದೆ. ಒಮ್ಮೆಯೂ ಹರಿಯಲಿಲ್ಲ.

ಮೋಟರಿಗಾದರೆ ಇಲ್ಲಿ ವಾರ್ನಿಶಿನಲ್ಲಿ ಅದ್ದಿ ಒಲೆಯಲ್ಲಿ ಬೇಯಿಸುತ್ತೇವೆ. ಕೈ ಡಬ್ಬಿಯ ತನಕ ಹೋಗಿತ್ತು. ಈ ಸಲ ಕೈಯನ್ನು ನಾನೇ ತಡೆದು ಹಿಡಿದೆ. ಮೇಣದಬತ್ತಿ ಕರಗಿಸಿ, ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆಯಿಟ್ಟು, ಸುರುಳಿಯನ್ನು ಆ ಮೇಣದಲ್ಲಿ ಮುಳುಗಿಸಿ ಗುಳ್ಳೆ ನಿಲ್ಲುವ ತನಕ ಕಾದೆ. ಮೀಟರ್ ಹಚ್ಚಿದಾಗ ಮುಳ್ಳು ಎದ್ದಿತು.

ಭಾನುವಾರ ಮಗಳು ಮಾಸ್ತರರನ್ನು ಆಟೋದಲ್ಲಿ ಕರೆತಂದಳು. ಸೊರಗಿದ್ದರು. ಭುಜದ ನೋವಿಗೆ ಎಡಗೈ ಪೂರ್ತಿ ಏಳುತ್ತಿರಲಿಲ್ಲ. ಗಿಟಾರನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಅದರ ಮೇಲಂಚಿಗೆ ದವಡೆ ಊರಿದರು. ಎಲುಬಿನಿಂದ ಕೇಳುವ ಆ ಪದ್ಧತಿ ಅವರೇ ಕಂಡುಕೊಂಡದ್ದು. ದಪ್ಪ ತಂತಿ ಮೀಟಿದರು. ಕಪಾಟಿನ ಡಬ್ಬಿಗಳು ಝಂ ಅಂದವು.

"ಬಂತು!" ಎಂದು ಕೂಗಿದರು. ಕಿವಿ ಕೇಳದವರು ಮಾತಾಡುವುದೆಲ್ಲ ಕೂಗೇ. ಎದುರಿನ ಕಿರಾಣಿಯವನು ಇಣುಕಿ ನೋಡಿದ. "ಲೇ ತಮ್ಮಾ, ಬಂತು ಬಂತು!"

ಅರ್ಧ ಗಂಟೆ ಅದೇ ನಾಲ್ಕು ಸ್ವರಗಳನ್ನು ಸುತ್ತಿ ಸುತ್ತಿ ಬಾರಿಸಿದರು. ಕಣ್ಣು ಮುಚ್ಚಿತ್ತು. ಬಾಗಿಲಲ್ಲಿ ನಿಂತಿದ್ದ ಮಗಳ ಹತ್ತಿರ ಹೋಗಿ, ಅವಳು ಮೊದಲ ದಿನ ನನ್ನಿಂದ ಬಯಸಿದ್ದ ಆ ಒಂದು ಮಾತನ್ನು ಅಂತೂ ಹೇಳಿದೆ.

"ಇಟ್ಕೋರಿ ತಂಗಿ. ಇದನ್ನ ಬಿಚ್ಚಬ್ಯಾಡ್ರಿ. ನೋಡ್ರಿ ಅವರ ಮಾರಿ."

"ನೋಡಾಕತ್ತೀನ್ರಿ," ಅಂದಳು. ಕಣ್ಣೀರು ಒರೆಸಿಕೊಳ್ಳಲಿಲ್ಲ. "ಗಿಟಾರ ಕೇಳ್ತೈತಿ. ಟ್ರ್ಯಾಕ್ಟರಿನ ಹಾರ್ನ್ ಕೇಳಾಂಗಿಲ್ಲ. ನಾ ಮುಧೋಳದಾಗ ಪಾಠಾ ಮಾಡ್ಕೋತ ಫೋನ್ ಬಡದ್ರ ಎದಿ ನಿಂತಂಗ ಆಗತೈತಿ. ಇದರ ಸುಖಾ ಎಷ್ಟು ದಿನ ಕಾಯ್ತೈತಿ ಅವರನ್ನ?"

ನಮ್ಮ ತುಟಿ ಅಲುಗುವುದನ್ನು ಮಾಸ್ತರರು ನೋಡಿದ್ದರು. ಗಿಟಾರನ್ನು ಮೇಜಿಗೆ ಇಟ್ಟು, "ಏನಂತಾಳ? ಬರದು ತೋರ್ಸು," ಅಂದರು.

ಪೆನ್ಸಿಲಿನಿಂದ ದೊಡ್ಡಕ್ಷರದಲ್ಲಿ ಬರೆದೆ: ಬಿಚ್ಚಿದರೆ ಎರಡೂ ಕಿವಿ. ಇಟ್ಟರೆ ಒಂದೂ ಇಲ್ಲ.

ಓದಿದರು. "ಮತ್ತ ಇಡೀದು ಮಾರಿದ್ರ ಒಂದು ಕಿವಿ ಅಂದಿದ್ಳಲ್ಲ?"

ಮಗಳು ತಂದೆಗೆ ನನ್ನ ತಪ್ಪನ್ನು ಹೇಳಿರಲಿಲ್ಲ. ನನ್ನ ಮಾನ ಕಾದಿದ್ದಳು. ಆಮೇಲೆ ಬರೆದೆ: ಹಳೆಯ ಸುರುಳಿ ಕತ್ತರಿಸಿ ಎಸೆದೆ. ಆ ದಾರಿ ನನ್ನಿಂದ ಹೋಯಿತು.

ಅವರು ಎರಡು ಸಲ ಓದಿದರು. ನನ್ನನ್ನು ನೋಡಿದ ನೋಟವನ್ನು ಮರೆಯಲಾರೆ. ಅದರಲ್ಲಿ ಸಿಟ್ಟಿದ್ದರೆ ಹಗುರಾಗುತ್ತಿತ್ತು.

"ಹೋಗ್ಲಿ ಬಿಡು," ಅಂದರು. "ನಾ ಜಾಬರ್ ಇದ್ದಾಂವ. ಈ ಬನಹಟ್ಟ್ಯಾಗ ಓಡೂ ಮಗ್ಗ ಯಾವುದು ಇಡಿ ಐತಿ ಹೇಳು? ಸತ್ತ ಮಗ್ಗದ ಗಾಲಿ ತಗದು ಇನ್ನೊಂದಕ್ಕ ಹಾಕೀನಿ. ಅದರ ದಂಡಾ ಮತ್ತೊಂದಕ್ಕ. ಹಂಗs ನಡದೈತಿ ಊರು." ಮಗಳ ಕಡೆ ನೋಡಿದರು. "ನನ್ನ ಸಲುವಾಗಿ ಅಕಿ ನಿದ್ದಿ ಕೆಡಬಾರ್ದು. ಬಿಚ್ಚು. ನನ್ನ ಮುಂದs ಬಿಚ್ಚು."

ಬಿಚ್ಚಿದೆ. ಮೊದಲು ನಾಲ್ಕು ತಂತಿಗಳನ್ನು ಸಡಿಲಿಸಿದೆ, ಒಂದೊಂದಾಗಿ, ಕತ್ತು ಒಮ್ಮೆಗೇ ಸೆಟೆಯಬಾರದೆಂದು. ಕಿವಿಬಿರಡೆ ನಾಲ್ಕು. ಬ್ರಿಜ್, ಅದರ ಐದು ತಿರುಪು. ಕೊನೆಗೆ ಹಿಂದಿನ ತಗಡಿನ ನಾಲ್ಕು ಉದ್ದ ತಿರುಪು ಬಿಚ್ಚಿ ಕತ್ತನ್ನು ಅಲುಗಿಸಿದಾಗ ಅದು ಸಣ್ಣಗೆ ಕಿರ್ರೆಂದು ಒಡಲಿನಿಂದ ಬಿಟ್ಟಿತು. ಮಾಸ್ತರರು ಪ್ರತಿ ತಿರುಪನ್ನೂ ನನ್ನ ಕೈಯಿಂದ ಇಸಿದುಕೊಂಡು ಬೇರೆ ಬೇರೆ ಕಾಗದದಲ್ಲಿ ಮಡಿಚಿ, ಯಾವುದು ಎಲ್ಲಿಯದೆಂದು ಬರೆದರು. ಯಾರೋ ಮುಂದೆ ಜೋಡಿಸುವವನಿಗೆ ತೊಂದರೆಯಾಗಬಾರದು ಎನ್ನುವ ಜಾಬರನ ಶಿಸ್ತು ಅದು. ಒಮ್ಮೆ ಮಾತ್ರ ಕೈ ನಿಂತಿತು, ಕತ್ತಿನ ಹಿಂಬದಿಯಲ್ಲಿ ಅವರ ಹೆಬ್ಬೆರಳು ಬಣ್ಣ ತಿಂದುಹಾಕಿದ್ದ ಜಾಗ ಕಂಡಾಗ. ಅದರ ಮೇಲೆ ಹೆಬ್ಬೆರಳಿಟ್ಟು ತೆಗೆದರು. ಮೂಲೆಯಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ ಹೊರಗೆ ಹೋಗಿಬಿಟ್ಟಳು.

ಬಸ್ಸಿನ ಪಾರ್ಸಲ್ಲಿನಲ್ಲಿ ಮೂರು ಗಂಟುಗಳು ಹೋದವು. ನಾವು ಸುತ್ತಿದ ಪಿಕಪ್ಪನ್ನು ಯಾರೂ ಕೊಳ್ಳಲಿಲ್ಲ. ಹೊಸ ಸುರುಳಿಗೆ ಗಿರಾಕಿ ಇಲ್ಲವೆಂದು ಕೊಲ್ಹಾಪುರದವನು ಅದನ್ನು ಬೇಡವೆಂದ.

ಮಶಿನ್ ಹಾಕಿಸುವ ದಿನ ಮಗಳಿಗೆ ಪರೀಕ್ಷೆಯ ಕೆಲಸವಿತ್ತು. ಮಿರಜಕ್ಕೆ ಮಾಸ್ತರರ ಜೊತೆ ನಾನು ಹೋದೆ. ಅಲ್ಲಿಯವರು ಎರಡೂ ಕಿವಿಗೆ ಕೂಡಿಸಿ, ತಿದ್ದಿ, ಕೇಳುತ್ತದೆಯೇ ಎಂದು ವಿಚಾರಿಸಿದರು. ಕೇಳುತ್ತಿತ್ತು. ಆದರೆ ಬಸ್ಸಿನಲ್ಲಿ ಕಿಟಕಿಗಾಜುಗಳ ಗದ್ದಲ ತಾಳಲಾರದೆ ತೆಗೆದು ಜೇಬಿಗಿಟ್ಟರು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಇವೂ ಟ್ರಂಕಿಗೆ ಹೋದರೆ?

ರಬಕವಿಯ ಮನೆಯಲ್ಲಿ ಕೂತು ಮತ್ತೆ ಹಾಕಿಕೊಂಡರು. ಓಣಿಯ ಮಗ್ಗಗಳ ಸದ್ದಿಗೆ ಮುಖ ಕಿವುಚಿದರು. "ಇನ್ನೂ ನಡದಾವಲ್ಲ ಇವು," ಅಂದರು. ದನಿ ಮೆಲ್ಲಗಿತ್ತು. ಎಷ್ಟೋ ವರ್ಷಗಳ ಮೇಲೆ ತಮ್ಮ ಮಾತು ತಮಗೇ ಕೇಳಿ, ಕೂಗುವುದು ತಾನಾಗಿ ನಿಂತಿತ್ತು. ಗಿಟಾರಿನ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಸಂಜೆ ಮುಧೋಳದಿಂದ ಬಂದ ಮಗಳು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಳು. ನಾವು ಬಂದದ್ದು ಅಂಗಳದ ಚಪ್ಪಲಿ ನೋಡಿ ತಿಳಿದಿರಬೇಕು, ಅಡುಗೆಮನೆಯಿಂದಲೇ ಕೇಳಿದಳು: "ಚಾ ಇಡ್ಲೇನ್ರಿ?"

ಮಾಸ್ತರರು ಥಟ್ಟನೆ ಎದ್ದರು. ಮುಖ ಒಂದು ಥರ ಆಯಿತು. "ಇಡು. ಸಕ್ರಿ ಕಮ್ಮಿ ಹಾಕು ಮತ್ತ," ಎನ್ನುತ್ತ, ಹೆಂಡತಿಯೊಡನೆ ಗಂಡ ಆಡುವ ಆ ಸಲಿಗೆಯ ದನಿಯಲ್ಲೇ ಎನ್ನುತ್ತ, ಅಡುಗೆಮನೆಯ ಬಾಗಿಲಿಗೆ ಹೋದರು. ಅವರ ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಅವರು ಮಗಳ ದನಿಯನ್ನು ಕೊನೆಗೆ ಕೇಳಿದ್ದು ಅವಳು ಕಾಲೇಜಿಗೆ ಹೋಗುತ್ತಿದ್ದಾಗ. ಈಗ ಅವಳಿಗೆ ನಲವತ್ತರ ಹತ್ತಿರ.

ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಮಗಳು ಪಾತ್ರೆ ಹಿಡಿದು ನಿಂತಿದ್ದಳು.

"ನೀನೇನು," ಅಂದರು. ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಿಮ್ಮವ್ವ ಕರದಂಗಾತು."

ಅವಳಿಗೆ ತಿಳಿಯಿತು. ಸೆರಗನ್ನು ಬಾಯಿಗೊತ್ತಿಕೊಂಡಳು, ಅತ್ತರೆ ಅದೂ ಕೇಳುತ್ತದೆ ಎಂಬಂತೆ. ನಾನು ಪಡಸಾಲೆಯಲ್ಲಿ ನೆಲ ನೋಡುತ್ತ ಕೂತೆ.

"ಸುಮ್ಮ ಯಾಕ ನಿಂತಿ?" ಅಂದರು ಮಾಸ್ತರರು, ಮೆಲ್ಲಗೆ. "ಏನರೆ ಅನ್ನಬೇ. ಕೇಳ್ತೈತಿ ನನಗ."